ಸೈಕಲ್ಲಿನ ಮೇಲೆ ನೀರಿಗೊಂದು ಜಾಗ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದು ವರ್ಷಗಳಿಂದ ನಡೆದುಬಂದ ಪದ್ಧತಿ. ಉಷ್ಣಾಂಶ 42 ಡಿಗ್ರಿ ದಾಟುವ ಏಪ್ರಿಲ್, ಮೇ ಎರಡು ತಿಂಗಳು ಕಾರು, ಆಟೊಗಳಲ್ಲಿ ಓಡಾಡುವವರು ಹೇಗೋ ನಿಭಾಯಿಸುತ್ತಾರೆ. ಕಲಬುರಗಿ ಹತ್ತಿರದ ತಾಜಸುಲ್ತಾನಪುರದ ಕಡೆಯಿಂದ ಸೈಕಲ್ ತುಳಿದುಕೊಂಡು ನಗರಕ್ಕೆ ಬಂದು ಹೋಗುವವರ ಪಾಡು ಬೇರೆ. ಬರುವಾಗ ತಂಪಿರುತ್ತದೆ, ಹಿಂತಿರುಗುವಾಗ ನೆತ್ತಿ ಸುಡುತ್ತದೆ. ಗಾರೆ ಕೆಲಸದವರು, ಅಂಗಡಿಗಳಲ್ಲಿ ದುಡಿಯುವ ಹುಡುಗರು, ಹಾಲು ತರಕಾರಿ ಒಯ್ಯುವವರು, ಶಾಲೆಯ ಮಕ್ಕಳು, ಇವರ ಜೊತೆಗೆ ಬೆಳಗಿನ ವ್ಯಾಯಾಮಕ್ಕೆಂದು ಗೇರ್ ಸೈಕಲ್ ಹತ್ತಿ ಕಮಲಾಪುರದ ದಾರಿ ಹಿಡಿಯುವವರು. ಇವರೆಲ್ಲರಿಗೂ ಬೇಕಾದ ಒಂದು ಪ್ರಶ್ನೆಯನ್ನು ಈ ವಾರ ಎತ್ತಿಕೊಂಡಿದ್ದೇನೆ. ನೀರಿನ ಬಾಟಲಿಯನ್ನು ಸೈಕಲ್ಲಿನಲ್ಲಿ ಎಲ್ಲಿ, ಹೇಗೆ ಕೂರಿಸಬೇಕು?

ಪ್ರಶ್ನೆ ಸಣ್ಣದೆಂದು ಬದಿಗೆ ಸರಿಸಬೇಡಿ. ಕ್ಯಾರಿಯರ್‌ಗೆ ಕಟ್ಟಿದ ಅಥವಾ ಬ್ಯಾಗಿನ ತಳದಲ್ಲಿಟ್ಟ ನೀರು ಕುಡಿಯಬೇಕಾದರೆ ಸೈಕಲ್ ನಿಲ್ಲಿಸಬೇಕು, ಇಳಿಯಬೇಕು, ಸ್ಟ್ಯಾಂಡ್ ಹಾಕಬೇಕು, ಗಂಟು ಬಿಚ್ಚಬೇಕು. ಬಹಳಷ್ಟು ಜನ ಇಳಿಯುವುದೇ ಇಲ್ಲ. ಇನ್ನೇನು ಮನೆ ಬಂತು ಎಂದು ಪೆಡಲ್ ತುಳಿಯುತ್ತಲೇ ಇರುತ್ತಾರೆ. ಬಿಸಿಲಲ್ಲಿ ಸೈಕಲ್ ತುಳಿಯುವವರ ಮೈಯಿಂದ ಗಂಟೆಗೆ ಒಂದು ಲೀಟರ್ ಬೆವರು ಹೋಗುವುದು ಅಪರೂಪವೇನಲ್ಲ. ಎದುರುಗಾಳಿಗೆ ಬೆವರು ಆಗಿಂದಾಗಲೇ ಆರುವುದರಿಂದ ಎಷ್ಟು ಹೋಯಿತೆಂಬುದು ತಿಳಿಯುವುದೂ ಇಲ್ಲ. ತಲೆ ಸಿಡಿದು ಕಣ್ಣಿಗೆ ಕತ್ತಲೆ ಕವಿಯುವ ಹೊತ್ತಿಗೆ ತಡವಾಗಿರುತ್ತದೆ. ಕೈಗೆ ಸಿಗುವ ಜಾಗದಲ್ಲಿ ನೀರಿದ್ದರೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ತಾನಾಗಿಯೇ ಹೋಗುತ್ತದೆ. ನನ್ನ ಮಟ್ಟಿಗೆ ಬಾಟಲ್ ಹೋಲ್ಡರ್ ಬ್ರೇಕು, ಬೆಲ್ಲುಗಳ ಸಾಲಿಗೆ ಸೇರಬೇಕಾದ ಸಾಮಾನು.

ಹಾಗಿದ್ದೂ ನಮ್ಮ ಸೈಕಲ್‌ಗಳಲ್ಲಿ ಅದಕ್ಕೆ ಜಾಗವಿಲ್ಲದ್ದಕ್ಕೆ ಕಾರಣವಿದೆ. ಅಟ್ಲಾಸ್, ಹೀರೊ, ಹರ್ಕ್ಯುಲಿಸ್ ಹೆಸರಿನಲ್ಲಿ ಹಳ್ಳಿಹಳ್ಳಿಗೆ ಬಂದ ಕಪ್ಪು ಸೈಕಲ್ಲುಗಳ ಮೂಲ ಮಾದರಿ ಇಂಗ್ಲೆಂಡಿನದು. ಭಾರ ಹೊರಲು, ಕೆಟ್ಟ ದಾರಿಯಲ್ಲಿ ಬಾಳಿಕೆ ಬರಲು ಮಾಡಿದ ಗಟ್ಟಿ ಉಕ್ಕಿನ ಗಾಡಿ. ಕ್ಯಾರಿಯರ್, ಪಂಪು, ಡೈನಮೊ, ಬೀಗ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಕೂತಲ್ಲೇ ನೀರು ಕುಡಿಯುವ ಅಗತ್ಯ ತಣ್ಣನೆಯ ಆ ದೇಶದ ಪೇಟೆ ಸವಾರನಿಗೆ ಬರಲಿಲ್ಲ. ಅಗತ್ಯ ಬಂದದ್ದು ಪಂದ್ಯದ ಸವಾರರಿಗೆ. 1903ರಲ್ಲಿ ಆರಂಭವಾದ ಟೂರ್ ಡಿ ಫ್ರಾನ್ಸ್ ಪಂದ್ಯದ ಹಳೆಯ ಚಿತ್ರಗಳನ್ನು ನೋಡಿದರೆ ಹ್ಯಾಂಡಲ್ ಮುಂದೆ ತಂತಿಯ ಗೂಡಿನಲ್ಲಿ ಎರಡು ಬಾಟಲಿ ಕೂತಿರುವುದು ಕಾಣುತ್ತದೆ. ಆಮೇಲೆ ಬಾಟಲಿ ಕೆಳಕ್ಕಿಳಿದು ಫ್ರೇಮಿನ ಕೊಳವೆಗೆ ಬಂತು. ಮೊದಲು ಪಟ್ಟಿ ಬಿಗಿದು ಕೂರಿಸುತ್ತಿದ್ದರು. ಫ್ರೇಮಿನಲ್ಲೇ ಮರೆ (ತಿರುಪಿನ ಎಳೆ) ಇರುವ ನಟ್ಟು ಕೂರಿಸುವುದು ಎಲ್ಲೆಡೆ ರೂಢಿಯಾಗಿದ್ದು 1970-80ರ ದಶಕಗಳಲ್ಲಿ. ಇಂದಿನ ಗೇರ್ ಸೈಕಲ್ಲುಗಳಿಗೆ ಆ ಸೌಕರ್ಯ ಹುಟ್ಟಿನಿಂದಲೇ ಬಂದಿದೆ. ಕಪ್ಪು ಸೈಕಲ್ಲಿಗೆ ಇಂದಿಗೂ ಬಂದಿಲ್ಲ. "ಇದರಾಗ ತೂತೇ ಇಲ್ರೀ ಸರ, ಎಲ್ಲಿ ಕೂಡಸ್ಲಿ? ಕ್ಲಾಂಪ್ ಹಾಕ್ಬೇಕಾಗ್ತದ" ಎಂದು ನಮ್ಮ ಕಡೆಯ ಸೈಕಲ್ ಮೇಸ್ತ್ರಿ ಹೇಳುವುದು ಇದನ್ನೇ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮ ಸೈಕಲ್ಲಿನ ಫ್ರೇಮನ್ನು ಒಮ್ಮೆ ಬಗ್ಗಿ ನೋಡಿ. ಹ್ಯಾಂಡಲ್ ಬುಡದಿಂದ ಪೆಡಲ್ ಕಡೆಗೆ ಓರೆಯಾಗಿ ಇಳಿಯುವ ಕೊಳವೆ ಡೌನ್ ಟ್ಯೂಬ್, ಸೀಟಿನಿಂದ ಪೆಡಲ್ ಕಡೆಗೆ ಇಳಿಯುವುದು ಸೀಟ್ ಟ್ಯೂಬ್. ಇವುಗಳ ಮೇಲೆ ಒಂದರ ಕೆಳಗೊಂದು ಎರಡು ಸಣ್ಣ ಬೋಲ್ಟುಗಳು ಸುಮ್ಮನೆ ಕೂತಿದ್ದರೆ ಅದೇ ಹೋಲ್ಡರ್ ಜಾಗ. ಎರಡು ಬೋಲ್ಟುಗಳ ನಡುವಿನ ಅಂತರ 64 ಮಿಲಿಮೀಟರ್. ಜಗತ್ತಿನ ಬಹುತೇಕ ಎಲ್ಲ ಕಂಪನಿಗಳೂ ಈ ಒಂದು ಅಳತೆಗೆ ಒಪ್ಪಿಕೊಂಡಿವೆ. ಹಾಗಾಗಿ ಯಾವ ಊರಿನಲ್ಲಿ ಕೊಂಡ ಹೋಲ್ಡರ್ ಆದರೂ ಯಾವ ಕಂಪನಿಯ ಸೈಕಲ್ಲಿಗಾದರೂ ಕೂಡುತ್ತದೆ. ಬೋಲ್ಟು 5 ಮಿಲಿಮೀಟರಿನದು, ತಿರುಗಿಸಲು ಸಾಮಾನ್ಯವಾಗಿ 4 ಮಿಲಿಮೀಟರ್ ಅಲೆನ್ ಕೀ ಸಾಕು.

ಇಷ್ಟಿದ್ದರೆ ಆಯ್ಕೆ ಸುಲಭ. ಫ್ರೇಮಿನ ನಟ್ಟಿಗೇ ಹೋಲ್ಡರ್ ಕೂರಿಸಿ, ಬೇರೆ ಯೋಚನೆ ಬೇಡ. ಭಾರ ಎರಡು ಚಕ್ರಗಳ ನಡುವೆ, ಕೆಳಮಟ್ಟದಲ್ಲಿ ಇರುವುದರಿಂದ ಸೈಕಲ್ ತೂಗಾಡುವುದಿಲ್ಲ. ಬೋಲ್ಟು ಹಾಕುವಾಗ ಮೊದಲ ಎರಡು ಸುತ್ತು ಬೆರಳಿನಿಂದಲೇ ತಿರುಗಿಸಿ. ನೇರವಾಗಿ ಕೂತಿದ್ದರೆ ಅದು ತಾನೇ ಒಳಗೆ ಹೋಗುತ್ತದೆ. ಓರೆ ಕೂತ ಬೋಲ್ಟನ್ನು ಅಲೆನ್ ಕೀಯಿಂದ ಒತ್ತಾಯಿಸಿದರೆ ಅಲ್ಯೂಮಿನಿಯಂ ಫ್ರೇಮಿನೊಳಗಿನ ನಟ್ಟಿನ ಮರೆ ಹಾಳಾಗಿ, ಕೊನೆಗೆ ನಟ್ಟೇ ಕೊಳವೆಯೊಳಗೆ ಗಿರಗಿರ ತಿರುಗತೊಡಗುತ್ತದೆ. ಅದನ್ನು ಸರಿಪಡಿಸುವುದು ಎಲ್ಲ ಮೇಸ್ತ್ರಿಗಳ ಕೈಯಲ್ಲಿ ಆಗುವ ಕೆಲಸವಲ್ಲ. ಮರೆಗೆ ತುಸು ಗ್ರೀಸ್ ಹಚ್ಚಿದರೆ ಮಳೆಗಾಲದಲ್ಲಿ ತುಕ್ಕು ಹಿಡಿಯುವುದಿಲ್ಲ. ಅಗತ್ಯಕ್ಕಿಂತ ಉದ್ದದ ಬೋಲ್ಟನ್ನು ಸೀಟ್ ಟ್ಯೂಬಿಗೆ ಹಾಕಿದರೆ ಒಳಗಿನ ಸೀಟಿನ ಕಂಬಕ್ಕೆ ತಾಗಿ, ಸೀಟು ಇಳಿಸಲು ಬಾರದಂತಾಗುತ್ತದೆ. ಇದನ್ನೂ ನೋಡಿಕೊಳ್ಳಿ.

ಇನ್ನು ನಟ್ಟಿಲ್ಲದ ಸೈಕಲ್ಲು. ತಾಜಸುಲ್ತಾನಪುರದಂಥ ಊರುಗಳಲ್ಲಿ ಹೆಚ್ಚು ಜನರ ಹತ್ತಿರ ಇರುವುದು ಇದೇ, ಅದಕ್ಕೇ ಇದರ ಬಗ್ಗೆ ತುಸು ಬಿಡಿಸಿ ಹೇಳಬೇಕು. ಕೊಳವೆಗೆ ಪಟ್ಟಿ ಬಿಗಿದು ಅದರ ಮೇಲೆ ಹೋಲ್ಡರ್ ಕೂರಿಸುವ ಕ್ಲಾಂಪುಗಳು ಸಿಗುತ್ತವೆ. ಲೋಹದ್ದು, ಪ್ಲಾಸ್ಟಿಕ್ಕಿನದು, ನೈಲಾನ್ ಪಟ್ಟಿಯದು ಹೀಗೆ ಹಲವು ಬಗೆ. ಕೊಳ್ಳುವ ಮೊದಲು ಕೊಳವೆಯ ದಪ್ಪ ಗೊತ್ತಿರಬೇಕು. ಒಂದು ದಾರವನ್ನು ಕೊಳವೆಗೆ ಸುತ್ತಿ, ತುದಿ ಕೂಡುವಲ್ಲಿ ಪೆನ್ನಿನ ಗುರುತು ಹಾಕಿ, ಬಿಚ್ಚಿ ಅಳತೆಪಟ್ಟಿಯ ಮೇಲಿಡಿ. ಬಂದದ್ದನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ದಾರ 9 ಸೆಂಟಿಮೀಟರ್ ತೋರಿಸಿದರೆ ಕೊಳವೆ ಸುಮಾರು 29 ಮಿಲಿಮೀಟರಿನದು. ಈ ಅಂಕಿಯನ್ನು ಅಂಗಡಿಯವರಿಗೆ ಹೇಳಿ. ತೆಳು ಕೊಳವೆಯ ಹಳೆಯ ಸೈಕಲ್ಲಿಗೆ ಕೂಡುವ ಕ್ಲಾಂಪು ದಪ್ಪ ಕೊಳವೆಯ ಅಲ್ಯೂಮಿನಿಯಂ ಸೈಕಲ್ಲಿಗೆ ಬರುವುದಿಲ್ಲ, ಅದರದು ಇದಕ್ಕೆ ಹಾಕಿದರೆ ಜಾರುತ್ತದೆ.

ಬಿಗಿಯುವಾಗ ಪಟ್ಟಿಯ ಕೆಳಗೆ ಹಳೆಯ ಟ್ಯೂಬಿನ ಒಂದು ತುಂಡನ್ನು ಸುತ್ತಿಡಬೇಕು. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಬಣ್ಣ ಕೆರೆಯದಿರುವುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭವೆಂದರೆ ರಬ್ಬರಿನ ಹಿಡಿತದಿಂದ ಕ್ಲಾಂಪು ತಿರುಗುವುದಿಲ್ಲ. ತುಂಬಿದ ಬಾಟಲಿ ಮುಕ್ಕಾಲು ಕಿಲೊಗಿಂತ ಹೆಚ್ಚು ತೂಗುತ್ತದೆ. ಹಂಪಿನ ಮೇಲೆ ಹಾಯುವಾಗ ಅಷ್ಟು ಭಾರ ಪಕ್ಕಕ್ಕೆ ಜಗ್ಗಿದರೆ ಬರೀ ಲೋಹದ ಮೇಲೆ ಕೂತ ಪಟ್ಟಿ ಮೆಲ್ಲಗೆ ಓರೆಯಾಗಿ, ಬಾಟಲಿ ನಿಮ್ಮ ಮೊಳಕಾಲಿಗೆ ತಾಗತೊಡಗುತ್ತದೆ.

ಹಳೆಯ ಸೈಕಲ್ಲಿನಲ್ಲಿ ಬಹಳ ಜನ ಗಮನಿಸದ ಅಪಾಯ ಬ್ರೇಕಿನದು. ಕಪ್ಪು ಸೈಕಲ್ಲಿಗೆ ಇರುವುದು ರಾಡ್ ಬ್ರೇಕ್. ಹಿಂದಿನ ಬ್ರೇಕಿನ ಸಲಾಕೆ ಡೌನ್ ಟ್ಯೂಬಿನ ಗುಂಟ ಹಾಯ್ದು ಹೋಗುತ್ತದೆ. ಕ್ಲಾಂಪು ಆ ಸಲಾಕೆಯನ್ನೂ ಸೇರಿಸಿ ಬಿಗಿದರೆ ಅಥವಾ ಅದರ ಬೋಲ್ಟಿನ ತಲೆ ಸಲಾಕೆಗೆ ತಡೆದರೆ ಹಿಂದಿನ ಬ್ರೇಕು ಹಿಡಿಯುವುದಿಲ್ಲ, ಹಿಡಿದರೆ ಬಿಡುವುದಿಲ್ಲ. ವೈರ್ ಬ್ರೇಕಿನ ಸೈಕಲ್ಲಿನಲ್ಲಿ ಕೇಬಲ್ ಪಟ್ಟಿಯೊಳಗೆ ಸಿಕ್ಕಿಕೊಂಡರೂ ಅದೇ ಕತೆ. ಆದ್ದರಿಂದ ಕ್ಲಾಂಪು ಹಾಕಿದ ಕೂಡಲೇ ಎರಡೂ ಬ್ರೇಕು ನಾಲ್ಕಾರು ಸಲ ಒತ್ತಿ ಬಿಡಿ, ಪೆಡಲನ್ನು ಹಿಂದಕ್ಕೆ ಪೂರ್ತಿ ಒಂದು ಸುತ್ತು ತಿರುಗಿಸಿ. ಯಾವುದೂ ಯಾವುದಕ್ಕೂ ತಾಗಬಾರದು. ತಾಗಿದರೆ ಕ್ಲಾಂಪನ್ನು ಸೀಟ್ ಟ್ಯೂಬಿಗೆ ಬದಲಿಸಿ. ಅಲ್ಲಿ ಸಲಾಕೆಯ ಗೋಜು ಕಡಿಮೆ. ಕಾರ್ಬನ್ ಫ್ರೇಮಿನ ದುಬಾರಿ ಸೈಕಲ್ಲಿಗೆ ಮಾತ್ರ ಲೋಹದ ಕ್ಲಾಂಪು ಹಾಕಲೇಬೇಡಿ. ಒತ್ತಡಕ್ಕೆ ಕೊಳವೆ ಸೀಳುವ ಭಯವಿದೆ.

ಹ್ಯಾಂಡಲ್ಲಿಗೆ ಸಿಕ್ಕಿಸುವ ಹೋಲ್ಡರುಗಳು ನೋಡಲು ಅನುಕೂಲ ಅನ್ನಿಸುತ್ತವೆ. ಮುಂದಿನ ಅಡ್ಡಪಟ್ಟಿಯಿಲ್ಲದ ಹೆಣ್ಣುಮಕ್ಕಳ ಸೈಕಲ್ಲಿಗೆ, ಪುಟ್ಟ ಮಕ್ಕಳ ಸೈಕಲ್ಲಿಗೆ ಬೇರೆ ಜಾಗವಿಲ್ಲದಾಗ ಅವೇ ಗತಿ. ಬಾಟಲಿ ಅರ್ಧ ಲೀಟರಿನದಾಗಿರಲಿ, ಹ್ಯಾಂಡಲಿನ ನಡುವಿಗೆ ಹತ್ತಿರವಿರಲಿ. ತುದಿಯಲ್ಲಿ ಒಂದು ಲೀಟರ್ ಭಾರ ತೂಗಿದರೆ ತಿರುವಿನಲ್ಲಿ ಹ್ಯಾಂಡಲು ತನ್ನಷ್ಟಕ್ಕೇ ಎಳೆಯುತ್ತದೆ. ಇದಕ್ಕಿಂತ ಒಳ್ಳೆಯದು ಹ್ಯಾಂಡಲು ಮತ್ತು ಅದರ ಕಂಬದ ಮೂಲೆಗೆ ಕಟ್ಟುವ ಬಟ್ಟೆಯ ಚೀಲ. ಬಾಯಿಯ ದಾರ ಎಳೆದರೆ ಮುಚ್ಚುತ್ತದೆ, ದಪ್ಪ ಬಾಟಲಿ, ತೆಳು ಬಾಟಲಿ, ಸ್ಟೀಲಿನದು ಯಾವುದಾದರೂ ಹಿಡಿಸುತ್ತದೆ. ಗಟ್ಟಿ ಬಟ್ಟೆಯಿದ್ದರೆ ಊರಿನ ದರ್ಜಿಯೇ ಹೊಲಿದು ಕೊಡಬಲ್ಲ. ಮೂರು ಕಡೆ ಪಟ್ಟಿ ಬರಬೇಕು: ಎರಡು ಮೇಲೆ, ಒಂದು ಕೆಳಗೆ. ಕೆಳಗಿನದನ್ನು ಬಿಟ್ಟರೆ ಚೀಲ ಓಲಾಡುತ್ತದೆ.

ಓಲಾಡುವ ಚೀಲದ ಮಾತು ಬಂದಾಗ ಒಂದು ಎಚ್ಚರಿಕೆ ಹೇಳಲೇಬೇಕು. ಹೊಲಕ್ಕೆ, ಕೆಲಸಕ್ಕೆ ಹೋಗುವವರು ರೊಟ್ಟಿ ಗಂಟು, ನೀರಿನ ಬಾಟಲಿ ಎರಡನ್ನೂ ಕೈಚೀಲದಲ್ಲಿ ಹಾಕಿ ಹ್ಯಾಂಡಲ್ಲಿಗೆ ಜೋತು ಬಿಡುವುದು ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ದೃಶ್ಯ. ಹಂಪು ಹಾರುವಾಗ ಆ ಚೀಲ ಒಳಕ್ಕೆ ವಾಲಿ ಮುಂದಿನ ಚಕ್ರದ ತಂತಿಗಳಿಗೆ ಸಿಕ್ಕರೆ ಚಕ್ರ ಅಲ್ಲೇ ನಿಂತು ಸವಾರ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ದಯವಿಟ್ಟು ಹಾಗೆ ಮಾಡಬೇಡಿ. ಚೀಲವನ್ನು ಕ್ಯಾರಿಯರ್‌ಗೆ ಬಿಗಿದು ನೀರನ್ನಷ್ಟೇ ಮುಂದಿಟ್ಟುಕೊಳ್ಳಿ.

ಸೀಟಿನ ಹಿಂದೆ ಬಾಟಲಿ ಕೂರಿಸುವ ಬಗೆಯೂ ಇದೆ. ನುಣುಪಾದ ರಸ್ತೆಯ ಪಂದ್ಯಗಳಿಗೆ ಅದು ಸರಿ. ನಮ್ಮ ರಸ್ತೆಗಳಲ್ಲಿ ಹಿಂದಿನ ಚಕ್ರದ ಕುಲುಕಾಟಕ್ಕೆ ಬಾಟಲಿ ಹಾರಿ ಬೀಳುತ್ತದೆ. ಕಲಬುರಗಿಯ ಹುಮನಾಬಾದ್ ಬೇಸ್ ದಾಟಿ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಲಾರಿಗಳ ನಡುವೆ ಹೋಗುವಾಗ ಒಂದು ಕೈಯನ್ನು ಬೆನ್ನ ಹಿಂದೆ ಹಾಕಿ ತಡಕಾಡುವುದು ಯಾವ ಕಾರಣಕ್ಕೂ ಬೇಡ. ಬೆನ್ನಿಗೆ ಹಾಕುವ ನೀರಿನ ಚೀಲವನ್ನು ಬೆಟ್ಟಗುಡ್ಡದ ಸವಾರಿಯವರು ಮೆಚ್ಚುತ್ತಾರೆ. ಆದರೆ ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಬೆನ್ನು ಮುಚ್ಚಿದರೆ ಬೆವರು ಆರುವ ದೊಡ್ಡ ಜಾಗವೇ ಮುಚ್ಚಿದಂತೆ. ನಾನು ಅದನ್ನು ಒಪ್ಪುವುದಿಲ್ಲ.

ಹೋಲ್ಡರ್ ಎಷ್ಟು ಮುಖ್ಯವೋ ಬಾಟಲಿಯ ಅಳತೆಯೂ ಅಷ್ಟೇ ಮುಖ್ಯ. ಹೆಚ್ಚಿನ ಹೋಲ್ಡರುಗಳು ಸುಮಾರು 74 ಮಿಲಿಮೀಟರ್ ವ್ಯಾಸದ ಸೈಕಲ್ ಬಾಟಲಿಗೆಂದು ಮಾಡಿದವು. ದಾರದಿಂದ ಸುತ್ತಳತೆ ತೆಗೆದರೆ 23 ಸೆಂಟಿಮೀಟರ್ ಬರಬೇಕು. ಅಂಗಡಿಯಲ್ಲಿ ಕೊಳ್ಳುವ ಒಂದು ಲೀಟರಿನ ನೀರಿನ ಬಾಟಲಿ ಸಾಮಾನ್ಯವಾಗಿ ಇದಕ್ಕಿಂತ ದಪ್ಪ, ಅರ್ಧ ಲೀಟರಿನದು ತೆಳು. ದಪ್ಪನೆಯದನ್ನು ತುರುಕಿದರೆ ಹೋಲ್ಡರ್ ಬಾಯಿ ಅಗಲಿಸಿ ಮುರಿಯುತ್ತದೆ. ತೆಳುವಾದದ್ದು ಲೊಟಲೊಟ ಅಲುಗುತ್ತ ಮೊದಲ ಗುಂಡಿಗೇ ಹೊರಗೆ ಹಾರುತ್ತದೆ. ಸೈಕಲ್ ಬಾಟಲಿಯ ಕುತ್ತಿಗೆಯ ಹತ್ತಿರ ಒಂದು ತಗ್ಗು ಇರುತ್ತದೆ, ನೋಡಿ. ಹೋಲ್ಡರಿನ ಮುಂದಿನ ನಾಲಿಗೆ ಅದರಲ್ಲಿ ಕೂತು ಬಾಟಲಿಯನ್ನು ಹಿಡಿದಿಡುತ್ತದೆ. ಅಂಗಡಿಯ ಬಾಟಲಿಗೆ ಈ ತಗ್ಗು ಇರುವುದಿಲ್ಲ. ಅದನ್ನೇ ಒಯ್ಯಬೇಕೆಂದರೆ ಅಗಲ ಹೆಚ್ಚುಕಡಿಮೆ ಮಾಡಬಹುದಾದ ಹೋಲ್ಡರನ್ನೇ ಕೇಳಿ ತನ್ನಿ. ಇಲ್ಲವಾದರೆ ಮೇಲೆ ಹೇಳಿದ ಬಟ್ಟೆಯ ಚೀಲವೇ ಮೇಲು. ಸ್ಟೀಲ್ ಬಾಟಲಿ ನೀರಿಗೆ ಒಳ್ಳೆಯದೇ, ಆದರೆ ಅದರ ತೂಕಕ್ಕೆ ಪ್ಲಾಸ್ಟಿಕ್ ಹೋಲ್ಡರ್ ಬಹುಕಾಲ ತಾಳುವುದಿಲ್ಲ.

ಹೋಲ್ಡರಿನ ವಸ್ತು ಯಾವುದಿರಬೇಕು ಎಂದು ಕೇಳುತ್ತಾರೆ. ಅಲ್ಯೂಮಿನಿಯಂ ತಂತಿಯದು ಹಗುರ, ಸಡಿಲವಾದರೆ ಕೈಯಿಂದ ಒತ್ತಿ ಬಿಗಿ ಮಾಡಬಹುದು. ಆದರೆ ಪದೇ ಪದೇ ಬಾಗಿದರೆ ಬೆಸುಗೆಯ ಹತ್ತಿರ ಬಿರುಕು ಬಿಡುತ್ತದೆ, ಬಾಟಲಿಗೆ ಕಪ್ಪು ಮಸಿಯನ್ನೂ ಮೆತ್ತುತ್ತದೆ. ಒಳ್ಳೆಯ ನೈಲಾನ್ ಪ್ಲಾಸ್ಟಿಕ್ಕಿನದು ನೂರೈವತ್ತು ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ದಿನನಿತ್ಯಕ್ಕೆ ಅದು ಸಾಕು. ಸ್ಟೇನ್‌ಲೆಸ್ ಸ್ಟೀಲಿನದು ಸಿಕ್ಕರೆ ತುಸು ಹೆಚ್ಚು ಕೊಟ್ಟಾದರೂ ಕೊಳ್ಳಿ, ಎಷ್ಟೋ ವರ್ಷ ಬರುತ್ತದೆ. ಕಾರ್ಬನ್ನಿನದಕ್ಕೆ ದುಡ್ಡು ಸುರಿಯುವ ಅಗತ್ಯ ನಮ್ಮ ದಾರಿಗಳಿಗೆ ನನಗೆ ಕಾಣುವುದಿಲ್ಲ. ಫ್ರೇಮು ಚಿಕ್ಕದಿದ್ದು ಬಾಟಲಿಯನ್ನು ಮೇಲಕ್ಕೆಳೆಯಲು ಜಾಗ ಸಾಲದಿದ್ದರೆ ಪಕ್ಕದಿಂದ ತೆಗೆಯುವ ಹೋಲ್ಡರ್ ಕೇಳಿ. ಎಡಗೈ ಕಡೆ, ಬಲಗೈ ಕಡೆ ಎಂದು ಎರಡು ಬಗೆ ಇರುತ್ತವೆ, ನಿಮಗೆ ಯಾವ ಕೈ ರೂಢಿಯೋ ಅದನ್ನು ಆರಿಸಿ. ಡೌನ್ ಟ್ಯೂಬಿನ ಕೆಳಬದಿಗೆ ಮೂರನೆಯ ಜಾಗ ಇದ್ದರೆ ಅಲ್ಲಿ ಕುಡಿಯುವ ನೀರು ಇಡಬೇಡಿ. ಮುಂದಿನ ಚಕ್ರ ಎರಚುವ ಧೂಳು, ಸಗಣಿ, ಮಳೆಗಾಲದ ಎರೆಮಣ್ಣು ಎಲ್ಲ ಬಾಟಲಿಯ ಬಾಯಿಗೇ ಬರುತ್ತದೆ. ಪಂಕ್ಚರ್ ಸಾಮಾನು ತುಂಬಿದ ಡಬ್ಬಿಗೆ ಆ ಜಾಗ ಸರಿಯಾದದ್ದು.

ಎಲ್ಲ ಕೂರಿಸಿದ ಮೇಲೆ ಒಂದು ಪರೀಕ್ಷೆ ಇದೆ. ನೀರು ತುಂಬಿದ ಬಾಟಲಿ ಇಟ್ಟು, ಮುಂದಿನ ಚಕ್ರವನ್ನು ಒಂದು ಗೇಣು ಎತ್ತಿ ನೆಲಕ್ಕೆ ಬಿಡಿ. ಬಾಟಲಿ ಅಲುಗಿದರೂ ಪರವಾಗಿಲ್ಲ, ಮೇಲಕ್ಕೇಳಬಾರದು. ಆಮೇಲೆ ಸೀಟಿನ ಮೇಲೆ ಕೂತು, ಕೆಳಗೆ ನೋಡದೆ ಕೈ ಇಳಿಸಿ ತೆಗೆಯಿರಿ, ನೋಡದೆಯೇ ಮತ್ತೆ ಇಡಿ. ನೋಡದೆ ಇಡಲು ಬಾರದಿದ್ದರೆ ಓಡುವ ಸೈಕಲ್ಲಿನಲ್ಲಿ ಪ್ರಯೋಗ ಬೇಡ, ಖಾಲಿ ಬಯಲಿನಲ್ಲಿ ರೂಢಿ ಮಾಡಿಕೊಳ್ಳಿ. ಒಂದು ವಾರ ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ, ಅವು ಸಡಿಲವಾಗಿಯೇ ಇರುತ್ತವೆ.

ಎಷ್ಟು ಬಾಟಲಿ ಬೇಕು ಎಂಬುದಕ್ಕೆ ದಾರಿಯೇ ಉತ್ತರ. ತಾಜಸುಲ್ತಾನಪುರದಿಂದ ನಗರದೊಳಗೆ ಹೋಗಿಬರಲು ಮುಕ್ಕಾಲು ಲೀಟರಿನ ಒಂದು ಬಾಟಲಿ ಸಾಕು, ಹೋದಲ್ಲಿ ತುಂಬಿಸಿಕೊಳ್ಳಬಹುದು. ಕಲಬುರಗಿಯಿಂದ ಕಮಲಾಪುರ ಸುಮಾರು 35 ಕಿಲೋಮೀಟರ್. ಗಂಟೆಗೆ ಹದಿನೈದರಂತೆ ತುಳಿದರೂ ಎರಡು ಗಂಟೆಗೆ ಮೇಲಾಗುತ್ತದೆ. ಅದಕ್ಕೆ ಎರಡು ಬಾಟಲಿ ಬೇಕೇ ಬೇಕು: ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದ 20.5 ಗ್ರಾಮಿನ ಪುಡಿ ಒಂದು ಲೀಟರ್ ನೀರಿಗೆ. ಮುಕ್ಕಾಲು ಲೀಟರಿನ ಬಾಟಲಿಗೆ ಇಡೀ ಪೊಟ್ಟಣ ಸುರಿದರೆ ಹದ ಕೆಡುತ್ತದೆ. ಮನೆಯಲ್ಲಿ ಲೀಟರ್ ಅಳೆದು ಕಲಸಿ, ಅದರಿಂದ ಬಾಟಲಿ ತುಂಬಿ. ಹಸಿವಿಗೆ ಚಿಂತೆಯಿಲ್ಲ, ಭೌಗೋಳಿಕ ಸೂಚಕ ಪಡೆದ ಕಮಲಾಪುರದ ಕೆಂಪು ಬಾಳೆ ಅಲ್ಲೇ ಸಿಗುತ್ತದೆ. ಮಜ್ಜಿಗೆ ಒಯ್ಯುವವರು ಬಾಟಲಿಯ ಮುಚ್ಚಳ, ಚೀಪುವ ತುದಿ ಎಲ್ಲ ಬಿಚ್ಚಿ ಅಂದೇ ತೊಳೆಯಬೇಕು. ಮರುದಿನಕ್ಕೆ ಬಿಟ್ಟರೆ ವಾಸನೆ ಹೋಗುವುದಿಲ್ಲ.

ಇನ್ನು ನೀರು ತಂಪಾಗಿಡುವ ವಿಷಯ. ಬಿಸಿಲಿಗೆ ಅರ್ಧ ಗಂಟೆಯಲ್ಲಿ ಬಾಟಲಿಯ ನೀರು ಬೆಚ್ಚಗಾಗಿ ಕುಡಿಯಲು ಮನಸ್ಸು ಬಾರದು. ಕ್ಯಾನಿಗೆ ಒದ್ದೆ ಗೋಣಿ ಸುತ್ತುವ ಉಪಾಯ ನಮ್ಮ ಹೊಲಗಳಲ್ಲಿ ಹಿಂದಿನಿಂದ ಇದೆ. ಅದನ್ನೇ ಇಲ್ಲಿ ಮಾಡಿ. ಹಳೆಯ ಹತ್ತಿ ಕಾಲುಚೀಲವೊಂದನ್ನು ಒದ್ದೆ ಮಾಡಿ ಬಾಟಲಿಗೆ ತೊಡಿಸಿ. ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಶಾಖ ಹೀರಿಕೊಳ್ಳುತ್ತದೆ. ಆ ಶಾಖದ ಒಂದು ಪಾಲು ಬಾಟಲಿಯೊಳಗಿನ ನೀರಿನಿಂದ ಹೋಗುತ್ತದೆ. ಏಪ್ರಿಲ್‌ನ ಒಣಗಾಳಿಯಲ್ಲಿ, ಅದೂ ಓಡುವ ಸೈಕಲ್ಲಿನ ಮೇಲೆ, ಬಟ್ಟೆ ಬೇಗ ಆರುತ್ತದೆ, ನೀರು ಚೆನ್ನಾಗಿ ತಂಪಾಗುತ್ತದೆ. ಆರಿದಾಗ ಎರಡು ಚಮಚ ನೀರು ಚಿಮುಕಿಸಿದರಾಯಿತು. ಮಳೆಗಾಲದ ತೇವದಲ್ಲಿ ಈ ಉಪಾಯ ನಡೆಯುವುದಿಲ್ಲ, ಆಗ ಅದರ ಅಗತ್ಯವೂ ಇರುವುದಿಲ್ಲ. ಒಂದು ಮಾತು ನೆನಪಿರಲಿ: ಕಾಲುಚೀಲದ ದಪ್ಪ ಸೇರಿ ಬಾಟಲಿ ಹೋಲ್ಡರಿನೊಳಗೆ ಇಳಿಯಬೇಕು, ಹಾಗಾಗಿ ತೆಳುವಾದದ್ದನ್ನೇ ಆರಿಸಿ.

ಕೊನೆಯದಾಗಿ ಮಕ್ಕಳ ಮಾತು. ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ಕೋವಿಡ್ ಸಮಯದಲ್ಲಿ ನಿಲ್ಲುವ ತನಕ ಊರೂರಿನ ಹೆಣ್ಣುಮಕ್ಕಳು ಆ ಸೈಕಲ್ಲಿನ ಮೇಲೆ ಪ್ರೌಢಶಾಲೆಗೆ ಹೋದರು. ಅದನ್ನು ಮತ್ತೆ ಆರಂಭಿಸಬೇಕೆಂಬ ಬೇಡಿಕೆ ಆಗಾಗ ಕೇಳಿಬರುತ್ತದೆ, ನನ್ನದೂ ಅದೇ ಬೇಡಿಕೆ. ಆರಂಭಿಸುವಾಗ ಟೆಂಡರಿನ ಷರತ್ತುಗಳಲ್ಲಿ ಒಂದು ಸಾಲು ಸೇರಬೇಕು: ಫ್ರೇಮಿನಲ್ಲಿ 64 ಮಿಲಿಮೀಟರ್ ಅಂತರದ ಎರಡು ನಟ್ಟು, ಅದರ ಮೇಲೊಂದು ಹೋಲ್ಡರ್. ಕಾರ್ಖಾನೆಯಲ್ಲಿ ಫ್ರೇಮು ಬೆಸೆಯುವಾಗಲೇ ಇದನ್ನು ಸೇರಿಸಲು ತಗಲುವ ಖರ್ಚು ತೀರ ಕಡಿಮೆ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಬಿಸಿಲಲ್ಲಿ ಶಾಲೆಗೆ ಸೈಕಲ್ ತುಳಿಯುವ ಮಕ್ಕಳಿಗೆ ಇಷ್ಟನ್ನು ಶಿಕ್ಷಣ ಇಲಾಖೆ ಮಾಡಿಕೊಡಬೇಕು. ಅಲ್ಲಿಯವರೆಗೆ ಮಕ್ಕಳ ಸೈಕಲ್ಲಿಗೆ ಒಂದು ಕ್ಲಾಂಪು ಹಾಕಿಸುವುದು ಪಾಲಕರ ಕೆಲಸ. ಬೇಸಿಗೆ ಏರುವ ಮೊದಲೇ ಹಾಕಿಸಿ.